ಸವಳು ಭೂಮಿಯೂ ಹತ್ತಿಯ ಬೀಜಗುಣವೂ

ಬೀದರ, ಭಾಲ್ಕಿ ಮತ್ತು ಔರಾದ ತಾಲೂಕುಗಳ ಭೂಮಾಲೀಕರಿಗೂ ಗ್ರಾಮಮುಖ್ಯರಿಗೂ ತಿಳುವಳಿಕೆ

1. ವಿಷಯ ಪ್ರಸ್ತಾವ

ಹದವಾದ ಮಳೆ ಬಿದ್ದು ಹತ್ತಿ ಊರಿದ ಹತ್ತು ದಿನಗಳೊಳಗೆ ಹೊಲದಲ್ಲಿ ಸಾಲು ಕಾಣಿಸಬೇಕು. ಸಾಲಿನ ನಡುವೆ ಅಲ್ಲಲ್ಲಿ ಬೋಳು ಜಾಗ ಬಿದ್ದರೆ ರೈತನು ಬೀಜದ ಅಂಗಡಿಯವನನ್ನು ದೂರುವನು. ಅಂಗಡಿಯವನು ಮಳೆಯನ್ನು ದೂರುವನು. ಆದರೆ ಪ್ರತಿವರ್ಷವೂ ಅದೇ ಜಾಗದಲ್ಲಿ, ಯಾವ ಬೀಜವನ್ನು ಹಾಕಿದರೂ ಮೊಳಕೆ ಬಾರದಿದ್ದಲ್ಲಿ, ದೋಷವು ಬಹುಮಟ್ಟಿಗೆ ಮಣ್ಣಿನಲ್ಲಿ ಸೇರಿದ ಉಪ್ಪಿನದೆಂದು ತಿಳಿಯತಕ್ಕದ್ದು. ಇಂಥ ಭೂಮಿಗೆ ಸವಳು ಭೂಮಿಯೆಂದೂ ಕೆಲವೆಡೆ ಚೌಳು ಭೂಮಿಯೆಂದೂ ಹೆಸರು.

ಹೀಗೆ ಒಮ್ಮೆ ಕೆಟ್ಟ ರೈತನು ಎರಡನೆಯ ಸಲ ಬೀಜ ಕೊಳ್ಳಬೇಕಾಗುವುದು, ಬಿತ್ತನೆ ತಡವಾಗುವುದು, ಸಾಲ ಬೆಳೆಯುವುದು. ಅಂಥವನ ಮುಂದೆ ಯಾರಾದರೂ ಬಂದು ‘ಇದು ಉಪ್ಪನ್ನು ತಡೆಯುವ ಬೀಜ’ ಎಂದರೆ ಅವನು ಹೆಚ್ಚಿನ ಬೆಲೆ ಕೊಟ್ಟಾದರೂ ಕೊಳ್ಳಲು ಒಪ್ಪುವನು. ಆ ಮಾತಿನಲ್ಲಿ ಎಷ್ಟು ನಿಜವಿರಬಹುದು, ಉಪ್ಪನ್ನು ತಾಳುವ ಗುಣವು ಹತ್ತಿಯ ಬೀಜದಲ್ಲಿ ಹೇಗೆ ಅಡಗಿರುವುದು, ಅದನ್ನು ರೈತನು ತನ್ನ ಊರಿನಲ್ಲಿಯೇ ಹೇಗೆ ಪರೀಕ್ಷಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದೆ.

2. ಭೂಮಿಯ ಪರೀಕ್ಷೆ

ಬೀದರ ನಗರದ ಬಿದರಿ ಕಸುಬುದಾರರು ತಮ್ಮ ಪಾತ್ರೆಗಳಿಗೆ ಕಪ್ಪು ಬಣ್ಣ ಬರಿಸಲು ಕೋಟೆಯ ಹಳೆಯ ಭಾಗಗಳ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಾಯಿಸಿ ಉಪಯೋಗಿಸುವರು. ಎಲ್ಲ ಮಣ್ಣೂ ಈ ಕೆಲಸಕ್ಕೆ ಒದಗುವುದಿಲ್ಲ. ಅನುಭವಿಗಳು ಅದನ್ನು ನಾಲಗೆಗೆ ಹಚ್ಚಿ ರುಚಿಯಿಂದಲೇ ಆರಿಸುವರು. ಮಣ್ಣು ಮಣ್ಣಿಗೂ ಲವಣದಲ್ಲಿ ಭೇದವುಂಟೆಂಬುದನ್ನು ಈ ಸೀಮೆಯ ಜನರು ಬಹುಕಾಲದಿಂದ ಬಲ್ಲರು. ಆದರೆ ಹೊಲದ ವಿಷಯದಲ್ಲಿ ರುಚಿಯೊಂದೇ ಸಾಲದು; ಉಪ್ಪಿನ ಬಗೆಯನ್ನೂ ಪ್ರಮಾಣವನ್ನೂ ತಿಳಿಯಬೇಕು.

ಸವಳಿನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಲವಣ ಸವಳು. ಬೇಸಗೆಯಲ್ಲಿ ನೆಲದ ಮೇಲೆ ಬಿಳಿಯ ಹುಡಿ ಕಟ್ಟುವುದು ಇದರ ಲಕ್ಷಣ. ಎರಡನೆಯದು ಕ್ಷಾರ ಸವಳು. ಇದರಲ್ಲಿ ಸೋಡಿಯಂ ಎಂಬ ಧಾತುವು ಮಣ್ಣಿನ ಕಣಗಳಿಗೇ ಅಂಟಿಕೊಂಡಿರುವುದು. ನೆಲವು ಒಣಗಿದಾಗ ಕಲ್ಲಿನಂತೆ ಗಟ್ಟಿಯಾಗುವುದು, ನೆನೆದಾಗ ಜಿಗುಟಾಗಿ ನೀರನ್ನು ಒಳಕ್ಕೆ ಬಿಡದು. ಒಂದು ಗಾಜಿನ ಪಾತ್ರೆಯಲ್ಲಿ ಹಿಡಿ ಮಣ್ಣು ಹಾಕಿ, ಮಳೆನೀರು ಸುರಿದು, ಕಲಕಿ ಒಂದು ರಾತ್ರಿ ಇಡತಕ್ಕದ್ದು. ಬೆಳಗಿಗೆ ಮೇಲಿನ ನೀರು ತಿಳಿಯಾಗಿದ್ದರೆ ಲವಣ ಸವಳೆಂದೂ, ರಾಡಿಯಾಗಿಯೇ ಉಳಿದಿದ್ದರೆ ಕ್ಷಾರವೆಂದೂ ಸಂಶಯ ಪಡಬಹುದು. ನಿಶ್ಚಯಕ್ಕೆ ಮಣ್ಣನ್ನು ಬೀದರದ ಕೃಷಿ ವಿಜ್ಞಾನ ಕೇಂದ್ರದವರಿಗಾಗಲಿ, ಕೃಷಿ ಇಲಾಖೆಯವರಿಗಾಗಲಿ ತೋರಿಸತಕ್ಕದ್ದು.

ಈ ಭೇದವನ್ನು ಮರೆಯಕೂಡದು. ಕ್ಷಾರ ಸವಳಿಗೆ ಜಿಪ್ಸಂ ಔಷಧ. ಲವಣ ಸವಳಿಗೆ ಜಿಪ್ಸಂ ಹಾಕಿದರೆ ಹಣ ವ್ಯರ್ಥ. ಲವಣ ಸವಳಿಗೆ ಸಿಹಿನೀರಿನಿಂದ ತೊಳೆಯುವುದೂ ತೊಳೆದ ನೀರನ್ನು ಬಸಿದು ಹೊರಹಾಕುವುದೂ ಉಪಾಯ.

3. ಹತ್ತಿಯ ತಾಳ್ಮೆಯ ಅಳತೆ

ಮಣ್ಣನ್ನು ನೀರಿನಿಂದ ಪೂರ್ಣವಾಗಿ ನೆನೆಯಿಸಿ, ಆ ನೀರನ್ನು ಹಿಂಡಿ ತೆಗೆದು, ಅದರಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುವುದೆಂದು ನೋಡಿ ಉಪ್ಪನ್ನು ಅಳೆಯುವರು. ಉಪ್ಪು ಹೆಚ್ಚಿದಷ್ಟೂ ಅಂಕಿ ಹೆಚ್ಚುವುದು. ಈ ಅಳತೆಗೆ ಡೆಸಿಸೀಮನ್ಸ್ ಎಂದು ಹೆಸರು. ಮಾಸ್ ಮತ್ತು ಹಾಫ್‌ಮನ್ ಎಂಬ ಅಮೆರಿಕದ ವಿಜ್ಞಾನಿಗಳು 1977ರಲ್ಲಿ ಬೇರೆ ಬೇರೆ ಬೆಳೆಗಳ ತಾಳ್ಮೆಯನ್ನು ಒಂದೆಡೆ ಕೂಡಿಸಿ ಪ್ರಕಟಿಸಿದರು. ಅವರ ಲೆಕ್ಕದಂತೆ ಹತ್ತಿಯು 7.7ರ ವರೆಗೆ ಇಳುವರಿಯಲ್ಲಿ ನಷ್ಟವಿಲ್ಲದೆ ತಾಳುವುದು. ಅನಂತರ ಪ್ರತಿ ಒಂದು ಅಂಕಿಗೆ ನೂರಕ್ಕೆ 5.2ರಂತೆ ಇಳುವರಿ ಕುಗ್ಗುವುದು. ಜೋಳದ ಮಿತಿ 6.8, ಕುಗ್ಗುವುದು ನೂರಕ್ಕೆ 16. ಸೋಯಾ ಅವರೆಯ ಮಿತಿ 5, ಕುಗ್ಗುವುದು ನೂರಕ್ಕೆ 20. ಕಬ್ಬಿನ ಮಿತಿ 1.7 ಮಾತ್ರ, ಕುಗ್ಗುವುದು ನೂರಕ್ಕೆ 5.9.

ಹಾಗಾದರೆ 10 ಅಂಕಿಯ ಸವಳಿನಲ್ಲಿ ಹತ್ತಿಯ ಇಳುವರಿ ನೂರಕ್ಕೆ ಸುಮಾರು 12 ಮಾತ್ರ ಕಡಿಮೆಯಾದರೆ, ಜೋಳವೂ ಕಬ್ಬೂ ಸುಮಾರು ಅರ್ಧಕ್ಕೆ ಇಳಿಯುವುವು. ಸೋಯಾ ಪೂರಾ ಹೋಗುವುದು. ಸವಳಿಗೆ ಹತ್ತಿಯೇ ಮೇಲೆಂಬ ಮಾತಿಗೆ ಇದೇ ಆಧಾರ.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಮೊದಲನೆಯದಾಗಿ, ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾಮಾನ್ಯವಾಗಿ ಬರೆಯುವ ಅಂಕಿಯು ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ತೆಗೆದದ್ದು. ನೀರು ಹೆಚ್ಚಾದುದರಿಂದ ಆ ಅಂಕಿ ಬಹಳ ಚಿಕ್ಕದಾಗಿರುವುದು. ಅದನ್ನು ಮೇಲಿನ ಮಿತಿಗಳೊಡನೆ ನೇರವಾಗಿ ಹೋಲಿಸಿ ಸಮಾಧಾನಪಡಕೂಡದು. ಯಾವ ಕ್ರಮದಿಂದ ಅಳೆದದ್ದೆಂದು ಕೇಳಿ ತಿಳಿಯಬೇಕು. ಎರಡನೆಯದಾಗಿ, ಈ ತಾಳ್ಮೆ ಬೆಳೆದ ಗಿಡದ್ದು. ಮೊಳಕೆಯಲ್ಲಿಯೂ ಎಳೆಯ ಸಸಿಯಲ್ಲಿಯೂ ಹತ್ತಿಯು ಬಹಳ ಕೋಮಲ. ಬೋಳು ಬೀಳುವುದು ಆ ಕಾಲದಲ್ಲಿಯೇ.

4. ಉಪ್ಪು ಗಿಡವನ್ನು ಕೆಡಿಸುವ ರೀತಿ

ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಹೋಳು ನೀರು ಬಿಟ್ಟು ಮುದುಡಿರುವುದನ್ನು ಪ್ರತಿ ಮನೆಯಲ್ಲಿಯೂ ಕಂಡಿರುವರು. ಸವಳಿನಲ್ಲಿ ಬೇರಿಗೂ ಹಾಗೆಯೇ. ಮಣ್ಣಿನಲ್ಲಿ ನೀರಿದ್ದರೂ ಉಪ್ಪು ಅದನ್ನು ಬಿಗಿಹಿಡಿದಿರುವುದರಿಂದ ಬೇರು ಹೀರಲಾರದು. ಕೆಸರಿನಲ್ಲಿ ನಿಂತೇ ಗಿಡವು ಬಾಯಾರಿ ಬಾಡುವುದು. ಇದು ಮೊದಲನೆಯ ಬಾಧೆ. ಎರಡನೆಯದು, ನೀರಿನೊಡನೆ ಒಳಹೊಕ್ಕ ಸೋಡಿಯಂ ಎಲೆಗಳಲ್ಲಿ ಕೂಡುತ್ತ ಬಂದು ವಿಷವಾಗುವುದು. ಗಿಡಕ್ಕೆ ಬೇಕಾದ ಪೊಟ್ಯಾಸಿಯಮ್ಮಿನ ಸ್ಥಾನವನ್ನು ಅದು ಆಕ್ರಮಿಸುವುದು. ಆಗ ಹಳೆಯ ಎಲೆಗಳ ಅಂಚು ಮೊದಲು ಸುಟ್ಟಂತಾಗುವುದು.

5. ಗಿಡದ ರಕ್ಷಣೋಪಾಯಗಳು

ಉಪ್ಪನ್ನು ತಾಳುವ ಗಿಡವು ಈ ಬಾಧೆಗಳನ್ನು ಅನೇಕ ಉಪಾಯಗಳಿಂದ ಎದುರಿಸುವುದು. ಪ್ರತಿಯೊಂದು ಉಪಾಯಕ್ಕೂ ಬೀಜದೊಳಗೆ ಬೇರೆ ಬೇರೆ ಆಜ್ಞೆಗಳು ಬರೆದಿರುವುವು. ತಾಯಿತಂದೆಗಳಿಂದ ಸಂತಾನಕ್ಕೆ ಇಳಿದು ಬರುವ ಈ ಆಜ್ಞೆಗಳಿಗೆ ವಂಶವಾಹಿಗಳೆಂದು ಹೆಸರು.

ಮೊದಲನೆಯ ಉಪಾಯ ಹೊರಹಾಕುವುದು. ಊರಿಗೆ ಕಳ್ಳರು ಬಂದರೆ ತಳವಾರನು ಕಂಡು ಗೌಡನಿಗೆ ತಿಳಿಸುವನು. ಗೌಡನು ಆಳುಗಳಿಗೆ ಆಜ್ಞೆ ಮಾಡುವನು. ಆಳುಗಳು ಕಳ್ಳರನ್ನು ಓಡಿಸುವರು. ಬೇರಿನಲ್ಲಿಯೂ ಇಂಥದೇ ಏರ್ಪಾಡುಂಟು. ಸೋಡಿಯಂ ಹೆಚ್ಚಿದಾಗ ಜೀವಕೋಶದೊಳಗೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಏರುವುದು. ಒಂದು ಪ್ರೋಟೀನು ಇದನ್ನು ಗುರುತಿಸುವುದು. ಅದು ಎರಡನೆಯದನ್ನು ಎಬ್ಬಿಸುವುದು. ಎರಡನೆಯದು ಕೋಶದ ಪೊರೆಯಲ್ಲಿರುವ ಪಂಪನ್ನು ನಡೆಸಿ ಸೋಡಿಯಮ್ಮನ್ನು ಹೊರಕ್ಕೆ ತಳ್ಳುವುದು. ಇವಕ್ಕೆ ಎಸ್.ಒ.ಎಸ್. ಮೂರು, ಎರಡು, ಒಂದು ಎಂಬ ಹೆಸರುಗಳಿವೆ. ಸಾಸಿವೆಯ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಇವನ್ನು ಮೊದಲು ಕಂಡುಹಿಡಿದರು. ಹತ್ತಿಯಲ್ಲಿಯೂ ಇವುಗಳಿಗೆ ಸರಿಸಮವಾದವುಗಳಿವೆ.

ಎರಡನೆಯದು ಬಚ್ಚಿಡುವುದು. ಜೀವಕೋಶದ ನಡುವೆ ನೀರಿನ ಚೀಲವೊಂದುಂಟು. ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುವಂತೆ ಗಿಡವು ಸೋಡಿಯಮ್ಮನ್ನು ಈ ಚೀಲದಲ್ಲಿ ತುಂಬಿ ಮುಚ್ಚುವುದು; ಆಗ ಅದು ಕೆಲಸಕ್ಕೆ ಅಡ್ಡಬಾರದು. ಈ ಕೆಲಸ ಮಾಡುವುದು ಎನ್.ಎಚ್.ಎಕ್ಸ್. ಎಂಬ ವರ್ಗದ ವಂಶವಾಹಿಗಳು. ಮೂರನೆಯದು, ಕಾಂಡದಲ್ಲಿ ಏರುವ ರಸದಿಂದ ಸೋಡಿಯಮ್ಮನ್ನು ದಾರಿಯಲ್ಲಿಯೇ ತೆಗೆದು ಎಲೆಗೆ ಮುಟ್ಟದಂತೆ ಮಾಡುವುದು. ನಾಲ್ಕನೆಯದು, ಪ್ರೋಲೀನ್, ಬೀಟೇನ್ ಮುಂತಾದ ನಿರಪಾಯಕರವಾದ ದ್ರವ್ಯಗಳನ್ನು ಕೋಶದಲ್ಲಿಯೇ ತಯಾರಿಸಿ ನೀರನ್ನು ಒಳಗೆ ಸೆಳೆದಿಟ್ಟುಕೊಳ್ಳುವುದು.

6. ಒಂದೇ ಎಳೆಯಲ್ಲ, ಹಗ್ಗ

ಮೆಂಡೆಲ್ ಎಂಬ ಪಾದ್ರಿಯು 1866ರಲ್ಲಿ ಪ್ರಕಟಿಸಿದ ನಿಯಮಗಳು 1900ರಲ್ಲಿ ಪುನಃ ಬೆಳಕಿಗೆ ಬಂದವು. ಅವುಗಳಂತೆ ಕೆಲವು ಗುಣಗಳು ಒಂದೇ ವಂಶವಾಹಿಯಿಂದ ನಡೆಯುವುವು. ಹತ್ತಿಯಲ್ಲಿ ಬೆಂಡೆಯ ಎಲೆಯಂತೆ ಆಳವಾಗಿ ಸೀಳಿದ ಎಲೆಯ ಗುಣ ಇಂಥದು. ಸೀಳೆಲೆಯ ಗಿಡವನ್ನು ಅಗಲ ಎಲೆಯ ಗಿಡದೊಡನೆ ಕೂಡಿಸಿದರೆ ಮೊಮ್ಮಕ್ಕಳ ತಲೆಯಲ್ಲಿ ನಾಲ್ಕರಲ್ಲಿ ಒಂದು ಸೀಳೆಲೆ, ಎರಡು ಮಧ್ಯಮ, ಒಂದು ಅಗಲ ಎಲೆ ಬರುವುವು. ಇಂಥ ಗುಣವನ್ನು ಕಣ್ಣಿನಿಂದ ಕಂಡು ಆರಿಸುವುದು ಸುಲಭ.

ಉಪ್ಪಿನ ತಾಳ್ಮೆ ಹಾಗಲ್ಲ. ಮೇಲೆ ಹೇಳಿದ ಒಂದೊಂದು ಉಪಾಯಕ್ಕೂ ಅನೇಕ ವಂಶವಾಹಿಗಳುಂಟು. ಪ್ರತಿಯೊಂದರ ಪಾಲೂ ಅಲ್ಪ. ಹಗ್ಗದ ಬಲವು ಒಂದು ಎಳೆಯಲ್ಲಿಲ್ಲದೆ ಎಲ್ಲ ಎಳೆಗಳ ಹೊಸೆತದಲ್ಲಿರುವಂತೆ ಈ ಗುಣವೂ ಇರುವುದು. ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುವುದು. ತಾಳ್ಮೆಗೆ ಹತ್ತೇ ವಂಶವಾಹಿಗಳು ಬೇಕೆಂದು ಭಾವಿಸೋಣ. ಹತ್ತೂ ಉಳ್ಳ ಗಿಡವನ್ನು ಒಂದೂ ಇಲ್ಲದ ಗಿಡದೊಡನೆ ಕೂಡಿಸಿದರೆ, ಮೊಮ್ಮಕ್ಕಳಲ್ಲಿ ಹತ್ತನ್ನೂ ಶುದ್ಧವಾಗಿ ಪಡೆದ ಗಿಡವು 10,48,576ರಲ್ಲಿ ಒಂದು ಮಾತ್ರ. ಮೂರು ಅಡಿಗೆ ಎರಡು ಅಡಿಯಂತೆ ಊರಿದರೆ ಎಕರೆಗೆ 7260 ಗಿಡಗಳು. ಅಂದರೆ ಆ ಒಂದು ಗಿಡಕ್ಕಾಗಿ 144 ಎಕರೆ ಹತ್ತಿಯನ್ನು ಹುಡುಕಬೇಕಾಗುವುದು. ತಳಿವಿಜ್ಞಾನಿಗಳಿಗೆ ಈ ಕೆಲಸವು ಏಕೆ ಅನೇಕ ವರ್ಷಗಳನ್ನು ಹಿಡಿಯುವುದೆಂಬುದು ಇದರಿಂದ ತಿಳಿಯುವುದು.

7. ಹತ್ತಿಯ ಕುಲಗಳು

ಲೋಕದಲ್ಲಿ ಸಾಗುವಳಿಯಾಗುವ ಹತ್ತಿಯಲ್ಲಿ ನಾಲ್ಕು ಕುಲಗಳುಂಟು. ಆರ್ಬೋರಿಯಂ, ಹರ್ಬೇಶಿಯಂ ಎಂಬ ಎರಡು ನಮ್ಮ ದೇಶೀ ಹತ್ತಿಗಳು. ಇವುಗಳಲ್ಲಿ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳು 13 ಜೊತೆ. ಹಿರ್ಸುಟಮ್ ಎಂಬ ಅಮೆರಿಕದ ಹತ್ತಿಯಲ್ಲಿಯೂ ಬಾರ್ಬಡೆನ್ಸ್ ಎಂಬ ಉದ್ದ ಎಳೆಯ ಹತ್ತಿಯಲ್ಲಿಯೂ 26 ಜೊತೆ. ಹತ್ತಾರು ಲಕ್ಷ ವರ್ಷಗಳ ಹಿಂದೆ ಎರಡು ಕಾಡುಹತ್ತಿಗಳು ಕೂಡಿ ಇವು ಹುಟ್ಟಿದವು. ಆದ್ದರಿಂದ ಇವುಗಳಲ್ಲಿ ಪ್ರತಿ ಆಜ್ಞೆಯೂ ಬಹುಮಟ್ಟಿಗೆ ಎರಡೆರಡು ಪ್ರತಿಗಳಲ್ಲಿದ್ದು ಶೋಧನೆಯು ಇನ್ನೂ ತೊಡಕಾಗಿರುವುದು. ಆರ್ಬೋರಿಯಮ್ಮಿನ ಸಮಗ್ರ ವಂಶಲಿಪಿಯನ್ನು 2014ರಲ್ಲಿಯೂ ಹಿರ್ಸುಟಮ್ಮಿನದನ್ನು 2015ರಲ್ಲಿಯೂ ಓದಿ ಪ್ರಕಟಿಸಿದರು.

ಹಿಂದಿನ ಹೈದರಾಬಾದು ಸಂಸ್ಥಾನದ ಕಾಲದಲ್ಲಿ ನಾಂದೇಡ, ಪರಭಣಿ, ಬೀದರಗಳ ಕಪ್ಪು ನೆಲದಲ್ಲಿ ಗಾವರಾನಿ ಎಂಬ ಹತ್ತಿಯು ಹೆಸರುವಾಸಿಯಾಗಿದ್ದಿತು. ಅದು ಆರ್ಬೋರಿಯಂ ಕುಲದ ದೇಶೀ ಹತ್ತಿ. ಧಾರವಾಡದ ಕಡೆಯ ಜಯಧರವು ಹರ್ಬೇಶಿಯಂ ಕುಲದ್ದು. ದೇಶೀ ಹತ್ತಿಗಳು ಆಳವಾಗಿ ಬೇರು ಬಿಟ್ಟು ಬರವನ್ನು ತಾಳುವುವು. ಗುಜರಾತಿನ ಕರಾವಳಿಯ ಸವಳು ನೆಲಗಳಲ್ಲಿಯೂ ಹರ್ಬೇಶಿಯಂ ಹತ್ತಿಗಳು ಬೆಳೆದು ಬಂದಿವೆ. ಆದರೆ ಕುಲವೊಂದನ್ನೇ ನೋಡಿ ನಿರ್ಣಯಿಸಬಾರದು. ಪ್ರತಿ ಕುಲದೊಳಗೂ ತಾಳುವ ತಳಿಗಳೂ ತಾಳದ ತಳಿಗಳೂ ಇರುವುವು.

8. ಸಂಕರ ಬೀಜ ಮತ್ತು ಬಿ.ಟಿ. ಬೀಜದ ವಿಷಯ

1970ರಲ್ಲಿ ಗುಜರಾತಿನ ಸೂರತ್ತಿನಿಂದ ಎಚ್-4 ಎಂಬ ಸಂಕರ ಹತ್ತಿಯೂ, 1972ರಲ್ಲಿ ಧಾರವಾಡದ ಕಡೆಯಿಂದ ಡಾಕ್ಟರ್ ಕಟರ್ಕಿಯವರ ವರಲಕ್ಷ್ಮಿಯೂ ಹೊರಬಂದವು. 2002ರಲ್ಲಿ ಬಿ.ಟಿ. ಹತ್ತಿಗೆ ಭಾರತದಲ್ಲಿ ಅನುಮತಿ ದೊರೆಯಿತು. ಈ ಬೀಜಗಳ ವಿಷಯದಲ್ಲಿ ರೈತರು ಮೂರು ಸಂಗತಿಗಳನ್ನು ಲಕ್ಷ್ಯದಲ್ಲಿಡತಕ್ಕದ್ದು.

ಒಂದು: ಬಿ.ಟಿ. ಎಂಬುದು ಕಾಯಿಕೊರೆಯುವ ಹುಳುವಿಗೆ ವಿಷವಾಗುವ ಪದಾರ್ಥವನ್ನು ಗಿಡದಲ್ಲಿ ಹುಟ್ಟಿಸುವ ವಂಶವಾಹಿ. ಅದಕ್ಕೂ ಉಪ್ಪಿನ ತಾಳ್ಮೆಗೂ ಸಂಬಂಧವಿಲ್ಲ. ಬಿ.ಟಿ. ಎಂಬ ಮುದ್ರೆಯನ್ನು ನೋಡಿ ಸವಳಿನಲ್ಲಿಯೂ ಹುಟ್ಟುವುದೆಂದು ನಂಬಕೂಡದು.

ಎರಡು: ಸಂಕರ ಗಿಡದ ಬೀಜವನ್ನು ಮರುವರ್ಷಕ್ಕೆ ಇಟ್ಟು ಬಿತ್ತಿದರೆ ಗುಣಗಳು ಒಡೆದು ಹಂಚಿಹೋಗುವುವು, ಒಂದು ಗಿಡದಂತೆ ಇನ್ನೊಂದು ಇರದು. ಸವಳಿನಲ್ಲಿ ಚೆನ್ನಾಗಿ ಬಂದ ಸಂಕರ ಗಿಡದ ಬೀಜವೂ ಹಾಗೆಯೇ. ಶುದ್ಧ ತಳಿಗಳ ವಿಷಯದಲ್ಲಿ ಆಯ್ದ ಗಿಡದ ಬೀಜವನ್ನು ಇಡಬಹುದು. ಆದರೆ ಜೇನುಹುಳುಗಳು ಬೇರೆ ಗಿಡದ ಪರಾಗವನ್ನು ತರುವುದರಿಂದ ಹೂವು ಅರಳುವ ಹಿಂದಿನ ಸಂಜೆ ಮೊಗ್ಗಿನ ತುದಿಯನ್ನು ನೂಲಿನಿಂದ ಕಟ್ಟಿ, ಆ ಕಾಯಿಗೆ ಗುರುತು ಮಾಡತಕ್ಕದ್ದು.

ಮೂರು: ಅರಾಬಿಡಾಪ್ಸಿಸ್ ಗಿಡದ ಎನ್.ಎಚ್.ಎಕ್ಸ್. ವಂಶವಾಹಿಯನ್ನು ಹತ್ತಿಗೆ ಸೇರಿಸಿದ ಪ್ರಯೋಗವು 2005ರಲ್ಲಿ ಪ್ರಕಟವಾಯಿತು. ಆ ಗಿಡಗಳು ಉಪ್ಪುನೀರಿನಲ್ಲಿ ಸಾಮಾನ್ಯ ಹತ್ತಿಗಿಂತ ಚೆನ್ನಾಗಿ ಬೆಳೆದವು. ಇದು ಶೋಧನೆಯ ಮಾತು. ಕುಂಡದಲ್ಲಿ ಗೆದ್ದ ಗಿಡವು ಬಿಸಿಲು, ಜವಳು, ಹುಳುಗಳಿರುವ ಹೊಲದಲ್ಲಿಯೂ ಗೆಲ್ಲುವುದೆಂಬ ನಿಯಮವಿಲ್ಲ. ಅಂಥ ಬೀಜವೆಂದು ಹೇಳಿಕೊಂಡು ಯಾರಾದರೂ ಮಾರಲು ಬಂದರೆ ರಸೀದಿಯನ್ನೂ ಮುದ್ರೆಯನ್ನೂ ನೋಡದೆ ಕೊಳ್ಳಕೂಡದು. ಗ್ರಾಮಮುಖ್ಯರು ಕೃಷಿ ಅಧಿಕಾರಿಗಳಿಗೆ ತಿಳಿಸತಕ್ಕದ್ದು.

9. ಊರಿನಲ್ಲಿಯೇ ಮಾಡುವ ಪರೀಕ್ಷೆ

ಬೀಜದ ಗುಣವನ್ನು ಹೆಸರಿನಿಂದ ತಿಳಿಯಲಾಗದಿದ್ದರೂ ಮಣ್ಣಿಗೆ ಹಾಕಿ ತಿಳಿಯಬಹುದು. ಬೇಸಗೆಯ ಕೊನೆಯಲ್ಲಿ, ಬಿತ್ತನೆಗೆ ಒಂದೂವರೆ ತಿಂಗಳು ಮುಂಚೆ, ಹೀಗೆ ಮಾಡತಕ್ಕದ್ದು:

(ಅ) ಹೊಲದ ಬೋಳು ಜಾಗದ ಮಣ್ಣನ್ನೂ ಅದೇ ಹೊಲದ ಒಳ್ಳೆಯ ಜಾಗದ ಮಣ್ಣನ್ನೂ ಬೇರೆ ಬೇರೆ ಬುಟ್ಟಿಗಳಲ್ಲಿ ತುಂಬಬೇಕು. ಬುಟ್ಟಿಯ ತಳದಿಂದ ಉಪ್ಪು ತೊಳೆದುಹೋಗದಂತೆ ನೀರನ್ನು ಹದವಾಗಿ ಹಾಕಬೇಕು. ಎರಡಕ್ಕೂ ಒಂದೇ ಬಾವಿಯ ನೀರಿರಲಿ.

(ಆ) ಪರೀಕ್ಷಿಸಬೇಕಾದ ಪ್ರತಿ ಬೀಜದಲ್ಲಿ ನೂರು ಕಾಳು ಒಳ್ಳೆಯ ಮಣ್ಣಿನಲ್ಲಿಯೂ ನೂರು ಕಾಳು ಸವಳಿನಲ್ಲಿಯೂ ಊರಬೇಕು.

(ಇ) ಹತ್ತನೆಯ ದಿನ ಹುಟ್ಟಿದವನ್ನೂ, ಇಪ್ಪತ್ತೈದನೆಯ ದಿನ ಬದುಕಿರುವವನ್ನೂ ಎಣಿಸಿ ಬರೆದಿಡಬೇಕು.

ಒಂದು ಬೀಜವು ಒಳ್ಳೆಯ ಮಣ್ಣಿನಲ್ಲಿ 90, ಸವಳಿನಲ್ಲಿ 45 ಉಳಿದಿತೆನ್ನೋಣ. ಇನ್ನೊಂದು 80 ಮತ್ತು 60. ಮೊದಲನೆಯದರ ತಾಳ್ಮೆ ಅರ್ಧ, ಎರಡನೆಯದರದು ಮುಕ್ಕಾಲು. ಅಂಗಡಿಯಲ್ಲಿ ಮೊದಲನೆಯದೇ ಮೇಲೆಂದು ಕಂಡರೂ ಆ ಜಾಗಕ್ಕೆ ಎರಡನೆಯದೇ ತಕ್ಕದ್ದು. ಔಷಧ ಬೆರೆಸಿದ ಬೀಜವು ಮಿಕ್ಕರೆ ದನಗಳಿಗೆ ಹಾಕಕೂಡದು. ಮುಟ್ಟಿದ ಕೈ ತೊಳೆಯತಕ್ಕದ್ದು.

ಬಿತ್ತುವಾಗ ದಿಂಡು ಸಾಲುಗಳನ್ನು ಮಾಡಿ ನೀರುಣಿಸುವ ಕಡೆ, ಬೀಜವನ್ನು ದಿಂಡಿನ ನೆತ್ತಿಯಲ್ಲಿ ಊರದೆ ಮಗ್ಗುಲಲ್ಲಿ ಊರತಕ್ಕದ್ದು. ನೀರು ಆರುತ್ತ ಉಪ್ಪೆಲ್ಲವೂ ನೆತ್ತಿಗೆ ಏರಿ ನಿಲ್ಲುವುದು.

10. ಗ್ರಾಮಮುಖ್ಯರ ಕರ್ತವ್ಯ

ಬೀಜವು ಎಷ್ಟು ತಾಳಿದರೂ ನೆಲದಲ್ಲಿ ಉಪ್ಪು ಪ್ರತಿವರ್ಷ ಹೆಚ್ಚುತ್ತ ಹೋದರೆ ಒಂದು ದಿನ ಅದೂ ಸೋಲುವುದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ನೆಲದಡಿಯ ನೀರು ಮೇಲಕ್ಕೆ ಬಂದರೆ ಕಪ್ಪು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಉಪ್ಪುನೀರು ಏರಿ, ನೀರು ಆರಿ, ಉಪ್ಪು ಉಳಿಯುವುದು. ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಹರಿಯತೊಡಗಿದ ಮೇಲೆ ರಾಯಚೂರು ಸೀಮೆಯಲ್ಲಿ ಹತ್ತಿ, ಜೋಳಗಳಿಗೆಂದು ಗೊತ್ತುಮಾಡಿದ ಕಪ್ಪು ಭೂಮಿಗಳಲ್ಲಿಯೂ ಭತ್ತಕ್ಕೆ ನೀರು ನಿಲ್ಲಿಸಿದ್ದರಿಂದ ವಿಸ್ತಾರವಾದ ಪ್ರದೇಶವು ಸವಳು ಜವಳಾಯಿತು. ಅಲ್ಲಿ ಅನುಭವಿಸಿದ ನಷ್ಟವು ಭಾಲ್ಕಿ ತಾಲೂಕಿನ ಕಾರಂಜಾ ಜಲಾಶಯದ ಕೆಳಗಿನ ಊರುಗಳಿಗೂ, ಮಾಂಜ್ರಾ ದಂಡೆಯ ಔರಾದ ಊರುಗಳಿಗೂ ಪಾಠವಾಗಬೇಕು. ಕಪ್ಪು ಭೂಮಿಯಲ್ಲಿ ಕಬ್ಬಿಗೆ ನೀರು ಕಟ್ಟುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಬಸಿಗಾಲುವೆಯು ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಮೇಲಿನವನು ಬಸಿದ ನೀರು ಕೆಳಗಿನವನ ಹೊಲದಲ್ಲಿ ನಿಂತರೆ ಜಗಳವೂ ಸವಳೂ ಎರಡೂ ಹೆಚ್ಚುವುವು. ಆದುದರಿಂದ ಗ್ರಾಮಮುಖ್ಯರು ರೈತರನ್ನು ಕೂಡಿಸಿ, ಹಳ್ಳದ ವರೆಗೆ ಕಾಲುವೆಯ ದಾರಿಯನ್ನು ಗೊತ್ತುಮಾಡಿ, ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯಿಸತಕ್ಕದ್ದು. ಸವಳು ಜಾಗದ ಸುತ್ತ ಬದು ಹಾಕಿ ಮಳೆನೀರನ್ನು ಅಲ್ಲಿಯೇ ಇಂಗಿಸಿ, ಅದು ಬಸಿದುಹೋಗಲು ದಾರಿ ಬಿಟ್ಟರೆ ಮಳೆಯೇ ಉಪ್ಪನ್ನು ತೊಳೆಯುವುದು.

11. ಸಾರಾಂಶ

ಉಪ್ಪಿನ ತಾಳ್ಮೆ ಹತ್ತಿಯ ಬೀಜದಲ್ಲಿ ನಿಜವಾಗಿಯೂ ಇರುವ ಗುಣ. ಆದರೆ ಅದು ಅನೇಕ ವಂಶವಾಹಿಗಳು ಕೂಡಿ ಮಾಡುವ ಕೆಲಸ. ಚೀಲದ ಮೇಲಿನ ಒಂದು ಹೆಸರು ಅದಕ್ಕೆ ಜಾಮೀನಾಗದು. ಮೊದಲು ಸವಳಿನ ಬಗೆಯನ್ನು ತಿಳಿಯಬೇಕು. ಎರಡನೆಯದಾಗಿ ಬೀಜವನ್ನು ತನ್ನ ಹೊಲದ ಮಣ್ಣಿನಲ್ಲಿಯೇ ಪರೀಕ್ಷಿಸಬೇಕು. ಮೂರನೆಯದಾಗಿ ನೀರಿಗೆ ಹೊರದಾರಿ ಮಾಡಬೇಕು. ಎರಡು ಬುಟ್ಟಿ ಮಣ್ಣು, ಇನ್ನೂರು ಕಾಳು, ಇಪ್ಪತ್ತೈದು ದಿನಗಳ ತಾಳ್ಮೆ: ಎರಡನೆಯ ಬಿತ್ತನೆಯ ಖರ್ಚಿಗೆ ಹೋಲಿಸಿದರೆ ಇದು ಅತ್ಯಲ್ಪ. ಈ ತಿಳುವಳಿಕೆಯನ್ನು ಓದುಬಾರದ ರೈತರಿಗೆ ಚಾವಡಿಯಲ್ಲಿ ಓದಿ ಹೇಳಬೇಕೆಂದು ಗ್ರಾಮಮುಖ್ಯರಲ್ಲಿ ಕೋರಲಾಗಿದೆ.